ಲ್ಯಾಂಕಾಸ್ಟರ್ ಡಚಿಯ ಚಾನ್ಸಲರ್ ಅವರಿಗೊಂದು ಬಹಿರಂಗ ಪತ್ರ: ತಮ್ಮ ತಾಯಿಪತ್ರದ ವಿಚಾರ

ಮಾನ್ಯ ಚಾನ್ಸಲರ್ ಅವರೇ,

ನಾನು ಕರ್ನಾಟಕದ ಒಂದು ತಾಲ್ಲೂಕು ಕೋರ್ಟಿನಲ್ಲಿ ಸಿವಿಲ್ ವಕೀಲ. ಜಮೀನು ಕೊಳ್ಳುವವರು ಮುಂಗಡ ಕೊಡುವ ಮೊದಲು ಕಾಗದಪತ್ರದ ಕಟ್ಟು ತಂದು ನನ್ನ ಮೇಜಿನ ಮೇಲಿಡುತ್ತಾರೆ. ಈಗಿನ ಮಾಲೀಕನಿಗೆ ಯಾರು ಮಾರಿದರು, ಅವರಿಗೆ ಎಲ್ಲಿಂದ ಬಂತು, ಅದಕ್ಕೂ ಹಿಂದೆ ಯಾರ ಖಾತೆಯಲ್ಲಿತ್ತು ಎಂದು ಹಿಂದಕ್ಕೆ ಹಿಂದಕ್ಕೆ ಹೋಗಿ ತಾಯಿಪತ್ರ ಮುಟ್ಟುವುದು ನನ್ನ ಕೆಲಸ. ಎಷ್ಟೋ ಸಲ ಮೇಲಿನ ಪತ್ರಗಳೆಲ್ಲ ಚೊಕ್ಕವಾಗಿರುತ್ತವೆ, ಹುಳುಕು ಇರುವುದು ತಾಯಿಪತ್ರದಲ್ಲೇ. ಇಂಗ್ಲೆಂಡಿನ ಮಧ್ಯಯುಗದ ಚರಿತ್ರೆ ಓದುವುದು ನನ್ನ ಹವ್ಯಾಸ. ಓದುವಾಗಲೂ ಕಸುಬಿನ ಚಟ ಬಿಡುವುದಿಲ್ಲ. ಹಾಗೆ ಕೆದಕುತ್ತ ಹೋದಾಗ ತಮ್ಮ ಡಚಿಯ ಆಸ್ತಿಯ ಒಂದು ದೊಡ್ಡ ಭಾಗದ ತಾಯಿಪತ್ರ ಸಿಕ್ಕಿತು. ಅದರ ತಾರೀಖು 1269ರ ಮೇ 1. ಬರೆದುಕೊಟ್ಟವನು ಆ ಹೊತ್ತಿಗೆ ಕೈದಿ.

ಪತ್ರ ಬಹಿರಂಗವಾದ್ದರಿಂದ ನಮ್ಮ ಓದುಗರಿಗೆ ತಮ್ಮ ಪರಿಚಯ ಹೇಳಬೇಕು. ಲ್ಯಾಂಕಾಸ್ಟರ್ ಡಚಿ ಎಂದರೆ ಬ್ರಿಟನ್ನಿನ ಪಟ್ಟದಲ್ಲಿ ಕೂತವರಿಗೆ ವಂಶಪಾರಂಪರ್ಯವಾಗಿ ಬರುವ ಖಾಸಗಿ ಜಹಗೀರು. ಸರ್ಕಾರದ ಬೊಕ್ಕಸ ಬೇರೆ, ಇದು ಬೇರೆ. ಇದರ ಲಾಭ ರಾಜರ ಕೈಗೆ ಹೋಗುತ್ತದೆ. ಇದರ ಚಾನ್ಸಲರ್ ಆದವರು ಸಾಮಾನ್ಯವಾಗಿ ಸಚಿವ ಸಂಪುಟದಲ್ಲೂ ಇರುತ್ತಾರೆ. ಲಂಡನ್ನಿನ ಸವಾಯ್ ಸುತ್ತಲ ಕಟ್ಟಡಗಳಿಂದ ಹಿಡಿದು ಯಾರ್ಕ್‌ಶೈರ್, ಲ್ಯಾಂಕಾಶೈರ್, ಸ್ಟಾಫರ್ಡ್‌ಶೈರ್‌ಗಳ ಹೊಲ, ಕಾಡುಗಳವರೆಗೆ ಡಚಿಯ ಆಸ್ತಿ ಹಬ್ಬಿದೆ. ಸ್ಟಾಫರ್ಡ್‌ಶೈರಿನಲ್ಲಿ ಡವ್ ನದಿಯ ದಂಡೆಯ ಗುಡ್ಡದ ಮೇಲಿರುವ ಟಟ್‌ಬರಿ ಕೋಟೆ, ಅದರ ಪಕ್ಕದ ನೀಡ್‌ವುಡ್ ಜಮೀನು ಇಂದಿಗೂ ಡಚಿಯವೇ. ಸ್ಕಾಟ್‌ಲೆಂಡಿನ ರಾಣಿ ಮೇರಿಯನ್ನು ಸೆರೆಯಲ್ಲಿಟ್ಟ ಜಾಗವೆಂದು ಪ್ರವಾಸಿಗರು ಟಟ್‌ಬರಿ ನೋಡಲು ಹೋಗುತ್ತಾರೆ. ನನಗೆ ಆಸಕ್ತಿ ಇರುವುದು ಮೇರಿಗಿಂತ 300 ವರ್ಷ ಹಿಂದೆ ಆ ಕೋಟೆಯನ್ನು ಕಳೆದುಕೊಂಡವನಲ್ಲಿ.

ಅವನು ರಾಬರ್ಟ್ ಡಿ ಫೆರರ್ಸ್, ಡರ್ಬಿಯ ಅರ್ಲ್, ಅಂದರೆ ದೊಡ್ಡ ಸಾಮಂತ. ಅವನ ಕಥೆಯನ್ನು ಒಂದೇ ಸಾಲಿನಲ್ಲಿ ಮುಗಿಸುವುದು ವಾಡಿಕೆ: ಫೆರರ್ಸ್ ರಾಜದ್ರೋಹಿ, ಮೂರನೆಯ ಹೆನ್ರಿ ರಾಜ ಅವನ ಜಮೀನು ಮುಟ್ಟುಗೋಲು ಹಾಕಿ ತನ್ನ ಕಿರಿಯ ಮಗ ಎಡ್ಮಂಡನಿಗೆ ಕೊಟ್ಟ, ಅಲ್ಲಿಂದ ಲ್ಯಾಂಕಾಸ್ಟರ್ ಮನೆತನ ಬೆಳೆಯಿತು. ಇದು ಪೂರಾ ಸುಳ್ಳೇನಲ್ಲ. ಆದರೆ ಇಂಥ ಕಾಗದ ಹಿಡಿದು ಬಂದ ಕಕ್ಷಿದಾರನಿಗೆ ನಾನು 'ಮುಂಗಡ ಕೊಡಬೇಡಿ' ಎಂದೇ ಹೇಳುತ್ತೇನೆ. ಮುಟ್ಟುಗೋಲು ಹಾಕಿದ್ದು ನಿಜ. ಆ ಮುಟ್ಟುಗೋಲನ್ನು ಹಿಂದಕ್ಕೆ ಪಡೆಯುವ ದಾರಿಯನ್ನು ರಾಜನೇ ಕಾನೂನು ಮಾಡಿ ತೆರೆದದ್ದೂ ನಿಜ. ಆ ದಾರಿಯನ್ನು ಮುಚ್ಚಲು ಕೈದಿಯಿಂದ ಬರೆಸಿಕೊಂಡ ಕಾಗದವೇ ತಮ್ಮ ಹಕ್ಕಿನ ನಿಜವಾದ ಬುಡ.

ಮೊದಲೇ ಹೇಳಿಬಿಡುತ್ತೇನೆ, ಫೆರರ್ಸ್ ಒಳ್ಳೆಯ ಮನುಷ್ಯನಾಗಿರಲಿಲ್ಲ. ಅವನಿಗೆ ಹದಿನೈದರ ಆಸುಪಾಸು ಇದ್ದಾಗ, 1254ರಲ್ಲಿ, ಅಪ್ಪ ತೀರಿಕೊಂಡ. ಹುಡುಗ ಪ್ರಾಯಕ್ಕೆ ಬರುವವರೆಗೆ ಜಮೀನಿನ ಉಸ್ತುವಾರಿ ರಾಜನ ಹಿರಿಯ ಮಗ ಎಡ್ವರ್ಡನಿಗೆ ಹೋಯಿತು. ಅವನು ಅದನ್ನು 1257ರಲ್ಲಿ 6,000 ಮಾರ್ಕ್‌ಗೆ ಮಾರಿಕೊಂಡ. ಮಾರ್ಕ್ ಎಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು. ಅಪ್ಪ ಸತ್ತ ಮಕ್ಕಳ ಆಸ್ತಿಯ ಉಸ್ತುವಾರಿ ಅಲ್ಲಿ ಸಂತೆಯ ಸರಕು, ಅದು ಬೇರೆಯದೇ ಕಥೆ. ಎಡ್ವರ್ಡನ ಮೇಲಿನ ಹಗೆ ಅಲ್ಲಿಂದ ಹುಟ್ಟಿರಬಹುದು. ಡರ್ಬಿಶೈರಿನ ಪೀಕ್ ಕೋಟೆ ತನಗೆ ಸೇರಬೇಕಾದದ್ದು, ಅದು ಎಡ್ವರ್ಡನ ಕೈಯಲ್ಲಿದೆ ಎಂಬ ಸಿಟ್ಟೂ ಜೊತೆಗಿತ್ತು. 1260ರಲ್ಲಿ ಜಮೀನು ಕೈಗೆ ಬಂದಾಗ ಮೂರನೆಯ ಒಂದು ಪಾಲು ತಾಯಿ ಮಾರ್ಗರೆಟ್‌ಳ ವಿಧವಾಭಾಗವಾಗಿ ಹೋಗಿತ್ತು, ತಲೆಯ ಮೇಲೆ ಸಾಲವಿತ್ತು.

ಆ ಸಾಲವನ್ನು ತೀರಿಸಲು ಅವನು ಹಿಡಿದ ದಾರಿ ಕೇಳಿ. 1264ರ ಫೆಬ್ರುವರಿ ಕೊನೆಗೆ, ಬ್ಯಾರನ್ ಎಂಬ ಸಾಮಂತರು ಹೆನ್ರಿ ರಾಜನ ಮೇಲೆ ಬಂಡೆದ್ದ ಯುದ್ಧದ ನಡುವೆ, ವೂಸ್ಟರ್ ಪಟ್ಟಣಕ್ಕೆ ನುಗ್ಗಿದ ಪಡೆಗೆ ಫೆರರ್ಸ್ ಮುಂದಾಳುಗಳಲ್ಲೊಬ್ಬ. ಅಲ್ಲಿನ ಯೆಹೂದಿಗಳ ಕೇರಿಯನ್ನು ಲೂಟಿ ಮಾಡಿ ಜನರನ್ನು ಕೊಂದರು. ಸಾಲ ಕೊಡುತ್ತಿದ್ದ ಆ ಯೆಹೂದಿಗಳು ಪೆಟ್ಟಿಗೆಯಲ್ಲಿಟ್ಟಿದ್ದ ಸಾಲಪತ್ರಗಳನ್ನು ಫೆರರ್ಸ್ ಹೊತ್ತೊಯ್ದ. ಆ ಪತ್ರಗಳಲ್ಲಿ ಅವನ ಸಾಲವೂ ಇತ್ತು. ಬೇರೆಯವರ ದಸ್ತಾವೇಜನ್ನು ಕತ್ತಿಯ ಬಲದಲ್ಲಿ ಎತ್ತಿಕೊಂಡು ಹೋದವನು ಐದು ವರ್ಷದ ಮೇಲೆ ದಸ್ತಾವೇಜಿನ ಬಲದಲ್ಲೇ ಬೀದಿಗೆ ಬಿದ್ದ ಎಂದು ಯಾರಾದರೂ ನಕ್ಕರೆ ನಾನು ಅಡ್ಡ ಬರುವುದಿಲ್ಲ. ಆದರೆ ಒಂದು ಮಾತು. ಆ ಯುದ್ಧ ಮುಗಿದ ಮೇಲೆ ಬಂಡಾಯಗಾರರಿಗೆ ಜಮೀನು ಮರಳಿಸುವ ಲೆಕ್ಕ ಹಾಕಿದರು, ಯೆಹೂದಿಗಳ ಮನೆಗೆ ಅಂಥ ಲೆಕ್ಕ ಹಾಕಲಿಲ್ಲ. 1275ರಲ್ಲಿ ಅವರನ್ನು ವೂಸ್ಟರಿನಿಂದ ಹೊರಡಿಸಿದರು, 1290ರಲ್ಲಿ ಇಡೀ ಇಂಗ್ಲೆಂಡಿನಿಂದಲೇ ಓಡಿಸಿ ಮನೆಮಠಗಳನ್ನು ರಾಜ ಇಟ್ಟುಕೊಂಡ. ಅವರು ಯಾರ ಮೇಲೂ ಬಂಡೆದ್ದವರಲ್ಲ. ಅವರ ತಾಯಿಪತ್ರಗಳನ್ನು ಹುಡುಕುವ ವಕೀಲ ಇನ್ನೂ ದೊಡ್ಡ ಪತ್ರ ಬರೆಯಬೇಕಾದೀತು.

ಮತ್ತೆ ಫೆರರ್ಸ್‌ನ ಕಡತಕ್ಕೆ ಬರೋಣ. ಬಂಡಾಯದ ನಾಯಕ ಸೈಮನ್ ಡಿ ಮಾಂಟ್‌ಫೋರ್ಟ್‌ಗೂ ಇವನ ಅಂಕೆಗೆಟ್ಟ ನಡತೆ ಸಾಕಾಗಿ, 1265ರ ಆರಂಭದಲ್ಲಿ ಹಿಡಿಸಿ ಲಂಡನ್ ಟವರ್‌ಗೆ ಹಾಕಿಸಿದ. ಹೀಗಾಗಿ ಆಗಸ್ಟ್ 4ರಂದು ಈವ್‌ಶಮ್ ಮೈದಾನದಲ್ಲಿ ಎಡ್ವರ್ಡನ ಸೈನ್ಯ ಮಾಂಟ್‌ಫೋರ್ಟ್‌ನನ್ನು ಕೊಚ್ಚಿಹಾಕಿದಾಗ ಫೆರರ್ಸ್ ಅಲ್ಲಿರಲೇ ಇಲ್ಲ. ಡಿಸೆಂಬರಿನಲ್ಲಿ 1,500 ಮಾರ್ಕ್ ದಂಡ, ಜೊತೆಗೊಂದು ಚಿನ್ನದ ಬಟ್ಟಲು ಕಟ್ಟಿ ಕ್ಷಮೆ ಪಡೆದ. ಅಲ್ಲಿಗೆ ತೆಪ್ಪಗೆ ಕೂತಿದ್ದರೆ ಟಟ್‌ಬರಿ ಇಂದು ಡಚಿಯದಾಗುತ್ತಿರಲಿಲ್ಲ. ಕೂರಲಿಲ್ಲ. ಕೆಲವೇ ತಿಂಗಳಲ್ಲಿ ಮತ್ತೆ ಬಂಡಾಯಗಾರರ ಜೊತೆ ಸೇರಿದ. 1266ರ ಮೇ 15ರಂದು ಚೆಸ್ಟರ್‌ಫೀಲ್ಡ್‌ನಲ್ಲಿ ರಾಜನ ತಮ್ಮನ ಮಗ ಹೆನ್ರಿ ಆಫ್ ಅಲ್ಮೇನ್‌ನ ಪಡೆಗೆ ಸಿಕ್ಕಿಬಿದ್ದ. ಇಗರ್ಜಿಯಲ್ಲಿ ಉಣ್ಣೆಮೂಟೆಗಳ ಕೆಳಗೆ ಅಡಗಿದ್ದನೆಂದೂ ಹೆಂಗಸೊಬ್ಬಳು ತೋರಿಸಿಕೊಟ್ಟಳೆಂದೂ ಒಂದು ಕಥೆ ಇದೆ. ವಿಂಡ್ಸರ್ ಕೋಟೆಯಲ್ಲಿ ಸೆರೆ. ಆ ಬೇಸಿಗೆಯಲ್ಲೇ ಅವನ ಜಮೀನೆಲ್ಲ ಎಡ್ಮಂಡನ ಕೈಗೆ ಹೋಯಿತು. ಹಿಂದಿನ ವರ್ಷ ಮಾಂಟ್‌ಫೋರ್ಟ್‌ನ ಜಮೀನು ಸಿಕ್ಕಿದ್ದೂ ಇದೇ ಎಡ್ಮಂಡನಿಗೆ.

ಕ್ಷಮೆ ಪಡೆದು ಮತ್ತೆ ಬಂಡೆದ್ದವನಿಗೆ ಇದಕ್ಕಿಂತ ಇನ್ನೇನು ಆಗಬೇಕಿತ್ತು ಎಂದು ತಾವು ಕೇಳಬಹುದು. ಕಥೆ ಅಲ್ಲಿಗೆ ಮುಗಿದಿದ್ದರೆ ನಾನೂ ಹಾಗೇ ಕೇಳುತ್ತಿದ್ದೆ.

ಈವ್‌ಶಮ್ ಮುಗಿದ ಮರುತಿಂಗಳೇ, ಗೆದ್ದ ಉಮೇದಿನಲ್ಲಿ, ರಾಜಪಕ್ಷದವರು ಸೋತವರೆಲ್ಲರ ಜಮೀನನ್ನೂ ಕಿತ್ತುಕೊಳ್ಳುವ ತೀರ್ಮಾನ ಮಾಡಿದ್ದರು. ಫಲ ಉಲ್ಟಾ ಆಯಿತು. ಮನೆ, ಹೊಲ ಕಳೆದುಕೊಂಡವನಿಗೆ ಶರಣಾಗಿ ಸಿಗುವುದಾದರೂ ಏನು? ಇಂಗ್ಲೆಂಡಿನ ಚರಿತ್ರೆಯಲ್ಲಿ ಇವರಿಗೆ 'ಆಸ್ತಿ ಕಳಕೊಂಡವರು' ಎಂದೇ ಹೆಸರು. ಆಕ್ಸ್‌ಹೋಮ್‌ನ ಜವುಗಿನಲ್ಲಿ, ಈಲಿ ದ್ವೀಪದಲ್ಲಿ, ಡರ್ಬಿಶೈರಿನ ಕಾಡಿನಲ್ಲಿ ಅವಿತು ಎರಡು ವರ್ಷ ಹೊಡೆದಾಡಿದರು. ಕೆನಿಲ್‌ವರ್ತ್ ಕೋಟೆಯೊಳಗೆ ಕೂತವರನ್ನು ನಾಲ್ಕು ತಿಂಗಳು ಮುತ್ತಿಗೆ ಹಾಕಿದರೂ ಬಗ್ಗಿಸಲಾಗಲಿಲ್ಲ. ಕೊನೆಗೆ ಬಿಷಪ್‌ಗಳೂ ಬ್ಯಾರನ್‌ಗಳೂ ಸೇರಿ ಹನ್ನೆರಡು ಮಂದಿ ಕೂತು, 1266ರ ಅಕ್ಟೋಬರ್ 31ರಂದು, ಕೆನಿಲ್‌ವರ್ತ್ ತೀರ್ಪು ಎಂದು ಹೆಸರಾದ ನಿಯಮಗಳನ್ನು ಹೊರಡಿಸಿದರು. ಅದರ ಜೀವಾಳ ಇಷ್ಟು: ಯಾರ ಆಸ್ತಿಯನ್ನೂ ಕಾಯಂ ಆಗಿ ಕಿತ್ತುಕೊಳ್ಳುವುದಿಲ್ಲ, ತಪ್ಪಿನ ತೂಕಕ್ಕೆ ತಕ್ಕ ಹಣ ಕಟ್ಟಿ ಬಿಡಿಸಿಕೊಳ್ಳಬೇಕು. ನೆಪಮಾತ್ರಕ್ಕೆ ಸೇರಿದವನಿಗೆ ಒಂದು ವರ್ಷದ ವರಮಾನ, ಕುಮ್ಮಕ್ಕು ಕೊಟ್ಟವನಿಗೆ ಎರಡು, ಕತ್ತಿ ಹಿಡಿದವನಿಗೆ ಐದು. ಎಲ್ಲರಿಗಿಂತ ಹೆಚ್ಚು, ಏಳು ವರ್ಷದ ವರಮಾನ ಬಿದ್ದದ್ದು ಹೆನ್ರಿ ಡಿ ಹೇಸ್ಟಿಂಗ್ಸ್‌ಗೆ ಮತ್ತು ಡರ್ಬಿಯ ಅರ್ಲ್ ರಾಬರ್ಟ್ ಡಿ ಫೆರರ್ಸ್‌ಗೆ. ಅವನ ಹೆಸರನ್ನು ತೀರ್ಪಿನಲ್ಲೇ ಬರೆದಿದ್ದಾರೆ.

ದಯವಿಟ್ಟು ಇಲ್ಲಿ ಸ್ವಲ್ಪ ನಿಲ್ಲಿ. ಫೆರರ್ಸ್ ಎರಡನೆಯ ಸಲ ಬಂಡೆದ್ದು ಸಿಕ್ಕಿಬಿದ್ದು ಜೈಲಿನಲ್ಲಿದ್ದಾನೆ, ಅವನ ಜಮೀನು ಎಡ್ಮಂಡನ ಕೈಗೆ ಹೋಗಿಯಾಗಿದೆ. ಇದೆಲ್ಲ ಗೊತ್ತಿದ್ದೇ ಆ ಹನ್ನೆರಡು ಮಂದಿ ಅವನಿಗೂ ಬಿಡಿಸಿಕೊಳ್ಳುವ ಹಕ್ಕು ಕೊಟ್ಟರು, ರಾಜ ಒಪ್ಪಿದ. ಹಾಗಾಗಿ ಅಕ್ಟೋಬರ್ 31ರಿಂದಾಚೆಗೆ ಎಡ್ಮಂಡ್ ಆ ಜಮೀನಿನ ಪೂರ್ಣ ಒಡೆಯನಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಭೋಗ್ಯಕ್ಕೆ ಪಡೆದವನು. ಹಣ ಬಂದ ದಿನ ಬಿಟ್ಟುಕೊಡಬೇಕು. ಫೆರರ್ಸ್‌ನ ಜಮೀನಿನ ವರಮಾನ ವರ್ಷಕ್ಕೆ ಎರಡು ಸಾವಿರ ಪೌಂಡಿನೊಳಗೆ. ಏಳರಿಂದ ಗುಣಿಸಿದರೂ ಹದಿನಾಲ್ಕು ಸಾವಿರ ದಾಟದು. ಭಾರಿ ಮೊತ್ತವೇ, ಆದರೆ ವರಮಾನ ತಿರುಗಿಸುತ್ತ, ಸಾಲ ಎತ್ತುತ್ತ, ಒಂದಷ್ಟು ವರ್ಷಗಳಲ್ಲಿ ತೀರುವಂಥದ್ದು. ಬೇರೆ ಎಷ್ಟೋ ಮನೆತನಗಳು ಹಾಗೇ ತೀರಿಸಿ ಉಳಿದುಕೊಂಡವು.

ತೀರಿಸಲು ಮೊದಲು ಹೊರಗೆ ಬರಬೇಕಲ್ಲ. ಫೆರರ್ಸ್‌ನನ್ನು ಬಿಡಲಿಲ್ಲ. ಸುಮಾರು ಮೂರು ವರ್ಷ ಒಳಗೇ ಇಟ್ಟರು. ಇತ್ತ 1269ರ ಏಪ್ರಿಲ್‌ನಲ್ಲಿ ಎಡ್ಮಂಡನಿಗೆ ದೊಡ್ಡ ಮನೆತನದ ವಾರಸುದಾರಿಣಿ ಅವೆಲಿನ್ ಜೊತೆ ಮದುವೆಯಾಯಿತು. ಅಣ್ಣತಮ್ಮಂದಿರಿಬ್ಬರೂ ಕ್ರುಸೇಡ್ ಎಂಬ ಧರ್ಮಯುದ್ಧಕ್ಕೆ ಹೊರಡುವ ತಯಾರಿಯಲ್ಲಿದ್ದರು. ಹೊರಡುವ ಮೊದಲು ಈ ಬಾಕಿ ಕೆಲಸವೊಂದು ಮುಗಿಯಬೇಕಿತ್ತು.

ಮೇ 1ರಂದು ಕೈದಿಯನ್ನು ಸಿಪ್ಪನ್‌ಹ್ಯಾಮ್ ಎಂಬಲ್ಲಿಗೆ ಕರೆತಂದರು. ಇಂದು ಅದು ಹೀಥ್ರೂ ವಿಮಾನ ನಿಲ್ದಾಣಕ್ಕೆ ಹತ್ತಿರದ ಸ್ಲೌ ಪಟ್ಟಣದ ಒಂದು ಬಡಾವಣೆ. ಭಾರತದಿಂದ ಹೋದವರು ಬೇಕಾದಷ್ಟು ಮಂದಿ ಇರುವ ಊರು. ಅಂದು ಅಲ್ಲಿ ಕಾರ್ನ್‌ವಾಲ್‌ನ ಅರ್ಲ್ ರಿಚರ್ಡ್‌ನ ಬಂಗಲೆ ಇತ್ತು. ರಿಚರ್ಡ್ ಯಾರು? ರಾಜನ ತಮ್ಮ, ಎಡ್ಮಂಡನಿಗೆ ಚಿಕ್ಕಪ್ಪ. ಅಲ್ಲಿ ರಾಜಮುದ್ರೆ ಕಾಯುವ ಚಾನ್ಸಲರ್ ಜಾನ್ ಚಿಶಲ್ ಎದುರಿಗೆ ಫೆರರ್ಸ್ ಒಂದು ಮುಚ್ಚಳಿಕೆಗೆ ಮುದ್ರೆ ಒತ್ತಿದ. ಒಕ್ಕಣೆ ಹೀಗೆ: ಬಿಡುಗಡೆಗೂ ಜಮೀನಿಗೂ ಬದಲಾಗಿ ಎಡ್ಮಂಡನಿಗೆ 50,000 ಪೌಂಡ್ ಕೊಡುತ್ತೇನೆ, ಒಂದೇ ಕಂತಿನಲ್ಲಿ, ಬರುವ ಜುಲೈ 9ರಂದು.

ಮೇ 1ರಿಂದ ಜುಲೈ 9ಕ್ಕೆ ಹತ್ತು ವಾರವೂ ಇಲ್ಲ. ಮೊತ್ತ ಕೆನಿಲ್‌ವರ್ತ್ ಲೆಕ್ಕದ ಮೂರೂವರೆ ಪಟ್ಟಿಗೂ ಹೆಚ್ಚು, ಅವನ ಜಮೀನಿನ ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳ ವರಮಾನ. ಇಂಗ್ಲೆಂಡಿನ ರಾಜನಿಗೆ ಸಾಮಾನ್ಯ ವರ್ಷದಲ್ಲಿ ಬರುತ್ತಿದ್ದ ಒಟ್ಟು ಆದಾಯವೂ ಅಷ್ಟಿರಲಿಲ್ಲ. ಅಂದರೆ ರಾಜನಿಂದಲೇ ಒಂದು ವರ್ಷದಲ್ಲಿ ಕಟ್ಟಲಾಗದ ಹಣವನ್ನು ಆಗತಾನೇ ಸೆರೆಮನೆಯಿಂದ ತಂದವನು ಹತ್ತು ವಾರದಲ್ಲಿ ಕಟ್ಟಬೇಕು. ಹಣ ಬರಲೆಂದು ಬರೆಸಿದ ಪತ್ರ ಇದಲ್ಲ. ಹಣ ಬಾರದಿರಲಿ ಎಂದು ಬರೆಸಿದ್ದು. ಇಂಥ ಕಾಗದಗಳನ್ನು ನಾನು ಹಳ್ಳಿಯ ಬಡ್ಡಿ ವ್ಯವಹಾರದಲ್ಲಿ ಬಹಳ ಕಂಡಿದ್ದೇನೆ. ಸಾಲ ಕೊಟ್ಟವನ ಕಣ್ಣು ಬಡ್ಡಿಯ ಮೇಲೆ ಇರುವುದೇ ಇಲ್ಲ, ಕೆರೆ ಕೆಳಗಿನ ಗದ್ದೆಯ ಮೇಲಿರುತ್ತದೆ.

ಇನ್ನು ಜಾಮೀನುದಾರರ ಪಟ್ಟಿ. ಹತ್ತಕ್ಕೂ ಹೆಚ್ಚು ಮಂದಿ, ಎಲ್ಲರೂ ರಾಜನ ಕಡೆಯವರು. ಚೆಸ್ಟರ್‌ಫೀಲ್ಡ್‌ನಲ್ಲಿ ಫೆರರ್ಸ್‌ನನ್ನು ಹಿಡಿದ ಹೆನ್ರಿ ಆಫ್ ಅಲ್ಮೇನ್ ಅವರಲ್ಲೊಬ್ಬ. ಅವನು ಆ ಬಂಗಲೆಯ ಯಜಮಾನ ರಿಚರ್ಡನ ಮಗ. ರಾಜನ ಮಲಸಹೋದರ ವಿಲಿಯಂ ಡಿ ವ್ಯಾಲೆನ್ಸ್ ಇನ್ನೊಬ್ಬ. ಜಾಮೀನು ಎಂದರೆ ಸಾಲಗಾರನ ಪರವಾಗಿ ನಿಲ್ಲುವವರು ತಾನೇ? ಇಲ್ಲಿ ಅವರ ಕೆಲಸ ಬೇರೆ. ಜಾಮೀನು ನಿಂತದ್ದಕ್ಕೆ ಭದ್ರತೆಯಾಗಿ ಫೆರರ್ಸ್ ತನ್ನ ಜಮೀನನ್ನು ಇವರ ಹೆಸರಿಗೆ ಮಾಡಿಕೊಡುತ್ತಾನೆ. ಗಡುವು ಮೀರಿದರೆ ಇವರು ಅದನ್ನು ಎಡ್ಮಂಡನಿಗೆ ಒಪ್ಪಿಸುತ್ತಾರೆ. ಎಡ್ಮಂಡ್ ನೇರವಾಗಿ ಕಿತ್ತುಕೊಂಡಂತೆಯೂ ಆಗಲಿಲ್ಲ, ಕೆನಿಲ್‌ವರ್ತ್ ತೀರ್ಪನ್ನು ಮುರಿದಂತೆಯೂ ಆಗಲಿಲ್ಲ. ಬರೆದ ಕರಣಿಕ ಯಾರೋ, ಬುದ್ಧಿವಂತ. ವೃತ್ತಿಬಾಂಧವನೆಂಬ ಕಾರಣಕ್ಕೆ ಅಷ್ಟು ಮೆಚ್ಚಲೇಬೇಕು.

ಮುದ್ರೆ ಒತ್ತಿದ ಮೇಲಾದರೂ ಹಣ ಹೊಂಚಲು ಬಿಟ್ಟರೇ? ಅದೇ ರಿಚರ್ಡನ ವಾಲಿಂಗ್‌ಫರ್ಡ್ ಕೋಟೆಯಲ್ಲಿ ಮೇ ಕೊನೆಯವರೆಗೂ ಕೂಡಿಹಾಕಿದರು. ಜುಲೈ 9 ಬಂತು, ಹೋಯಿತು. ಜಾಮೀನುದಾರರು ಹೇಳಿದ ಮಾತಿಗೆ ತಪ್ಪದೆ ಜಮೀನನ್ನು ಎಡ್ಮಂಡನಿಗೆ ಒಪ್ಪಿಸಿದರು.

ಫೆರರ್ಸ್ ಸುಮ್ಮನಾಗಲಿಲ್ಲ. 1273ರಲ್ಲಿ, ಹಿಂದೆ ತನ್ನದೇ ಆಗಿದ್ದ ಚಾರ್ಟ್‌ಲಿ ಕೋಟೆಯನ್ನು ಬಲವಂತದಿಂದ ಹಿಡಿದುಕೊಂಡ, ಅಲ್ಲಿಂದ ಹೊರಗಟ್ಟಿದರು. ಆಮೇಲೆ ಕೋರ್ಟು. 1274ರಲ್ಲಿ ರಾಜನ ಸಮ್ಮುಖದ ನ್ಯಾಯಾಲಯದಲ್ಲಿ ಅವನ ವಾದ ಸರಳವಾಗಿತ್ತು: ಕೆನಿಲ್‌ವರ್ತ್ ಪ್ರಕಾರ ಏಳು ವರ್ಷದ ವರಮಾನ ಕಟ್ಟಲು ಸಿದ್ಧನಿದ್ದೇನೆ, ನನ್ನ ಜಮೀನು ಬಿಡಿಸಿಕೊಡಿ. ಎಡ್ಮಂಡನ ಕಡೆಯವರು ಸಿಪ್ಪನ್‌ಹ್ಯಾಮ್ ಪತ್ರ ತೋರಿಸಿದರು. ಅದು ಸೆರೆಯಲ್ಲಿದ್ದಾಗ ಬಲವಂತದಿಂದ ಬರೆಸಿಕೊಂಡದ್ದು ಎಂದು ಫೆರರ್ಸ್ ಹೇಳಿದ. ಚಾನ್ಸಲರ್ ಎದುರಿಗೇ ಒಪ್ಪಿ ಮಾಡಿಕೊಟ್ಟ ಪತ್ರ, ಬಲವಂತವೆಲ್ಲಿ ಬಂತು ಎಂಬ ಉತ್ತರಕ್ಕೆ ನ್ಯಾಯಾಲಯ ತಲೆದೂಗಿತು. ದಾವೆ ವಜಾ. ಅಷ್ಟು ಹೊತ್ತಿಗೆ ಹೆನ್ರಿ ಸತ್ತು ಎಡ್ವರ್ಡ್ ಪಟ್ಟಕ್ಕೆ ಬಂದಿದ್ದ. ಪ್ರತಿವಾದಿ ರಾಜನ ಒಡಹುಟ್ಟಿದ ತಮ್ಮ. ವಾದಿ ರಾಜನ ಹಳೆಯ ಹಗೆ.

ನೋಂದಣಾಧಿಕಾರಿ ಎದುರಿಗೆ ಸಹಿ ಮಾಡಿದ್ದಾನೆ, ಆದ್ದರಿಂದ ಸ್ವಂತ ಇಚ್ಛೆಯಿಂದಲೇ ಮಾಡಿದ್ದಾನೆ ಎಂಬ ವಾದವನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ತಮ್ಮ ದೇಶದ ಕಾನೂನಿನ ಜಾಡಿನಲ್ಲೇ ಬರೆದ ನಮ್ಮ 1872ರ ಕರಾರು ಕಾಯ್ದೆಯ 15 ಮತ್ತು 16ನೆಯ ಕಲಮುಗಳು ಬಲವಂತ ಎಂದರೇನು, ಅನುಚಿತ ಪ್ರಭಾವ ಎಂದರೇನು ಎಂದು ಹೇಳುತ್ತವೆ. ಕಾನೂನು ಕಾಲೇಜಿನ ಮೊದಲ ವರ್ಷದ ಹುಡುಗಿಗೆ ಸಿಪ್ಪನ್‌ಹ್ಯಾಮ್ ಪತ್ರ ಕೊಟ್ಟರೆ ಹತ್ತು ನಿಮಿಷದಲ್ಲಿ ಉತ್ತರ ಬರೆದಾಳು.

ಬಂಡೆದ್ದವನು ಒಬ್ಬ, ಬೀದಿಗೆ ಬಂದದ್ದು ಮನೆಯವರೆಲ್ಲ. ಕೆಂಟ್ ಪ್ರಾಂತದಲ್ಲಿ ಹಳೆಯ ಗಾದೆಯೊಂದಿತ್ತು: 'ಅಪ್ಪ ಕೊಂಬೆಗೆ, ಮಗ ನೇಗಿಲಿಗೆ'. ಅಪ್ಪ ಅಪರಾಧ ಮಾಡಿ ನೇಣಿಗೇರಿದರೂ ಮಗನ ಹೊಲ ಮಗನಿಗೇ ಎಂಬುದು ಅಲ್ಲಿಯ ರೈತರ ರೂಢಿ. ದೊಡ್ಡ ಮನೆತನಗಳಿಗೆ, ಅದರಲ್ಲೂ ದ್ರೋಹದ ಆರೋಪಕ್ಕೆ, ಈ ರಿಯಾಯಿತಿ ಇರಲಿಲ್ಲ. ಫೆರರ್ಸ್ 1269ರಲ್ಲಿ ಎಲಿನೋರ್ ಡಿ ಬೋಹನ್‌ಳನ್ನು ಮದುವೆಯಾಗಿದ್ದ. ಎಲ್ಲ ಕೈಬಿಟ್ಟುಹೋಗುತ್ತಿದ್ದ ಆ ವರ್ಷವೇ. 1275ರಲ್ಲಿ ಚಾರ್ಟ್‌ಲಿ ಜಮೀನೊಂದು ವಾಪಸ್ ಬಂತು. ನಾಲ್ಕು ವರ್ಷದ ಮೇಲೆ, ನಲವತ್ತರ ಆಸುಪಾಸಿನಲ್ಲಿ, ಅವನು ಸತ್ತ. ವಿಧವೆಯಾದ ಎಲಿನೋರ್ ತನ್ನ ಮೂರನೆಯ ಒಂದು ಪಾಲಿಗಾಗಿ ಎಡ್ಮಂಡನ ಮೇಲೆ ದಾವೆ ಹೂಡಬೇಕಾಯಿತು. ಅಪ್ಪ ಸಾಯುವಾಗ ಮಗ ಜಾನ್ ಇನ್ನೂ ಪುಟ್ಟ ಹುಡುಗ. ಬೆಳೆದ ಮೇಲೆ ಅವನೂ ಬಿಡಲಿಲ್ಲ. ಇಂಗ್ಲೆಂಡಿನ ಕೋರ್ಟುಗಳಲ್ಲಿ ದಾರಿ ಕಾಣದೆ 1300ರ ಆಸುಪಾಸಿನಲ್ಲಿ ಪೋಪರವರೆಗೂ ಹೋದ. ವಿಚಾರಣೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್‌ಗೆ ಬಂದಾಗ, ಜಮೀನಿನ ತಕರಾರು ಚರ್ಚಿನ ಕೋರ್ಟಿಗೆ ಸೇರಿದ್ದಲ್ಲವೆಂದು ರಾಜನ ಕಡೆಯಿಂದ ತಡೆ ಬಂತು. ಜಾನ್ 1312ರಲ್ಲಿ ರಾಜನ ಅಧಿಕಾರಿಯಾಗಿ ಗ್ಯಾಸ್ಕನಿಯಲ್ಲಿದ್ದಾಗ ತೀರಿಕೊಂಡ. 1337ರಲ್ಲಿ ಡರ್ಬಿಯ ಅರ್ಲ್ ಎಂಬ ಪದವಿಯನ್ನೂ ಎಡ್ಮಂಡನ ಮೊಮ್ಮಗನಿಗೇ ಕೊಟ್ಟರು. ಹೆಸರೂ ಉಳಿಯಲಿಲ್ಲ.

ಎಡ್ಮಂಡನ ಮನೆಗೆ ಇದೇ ಪಾಡು ಬಂದಾಗ ಏನಾಯಿತು, ಅದನ್ನೂ ನೋಡಬೇಕು. ಅವನ ಮಗ ಥಾಮಸ್ ತನ್ನ ದೊಡ್ಡಪ್ಪನ ಮಗನಾದ ಎರಡನೆಯ ಎಡ್ವರ್ಡ್ ರಾಜನ ಮೇಲೆ ಬಂಡೆದ್ದ. 1322ರ ಮಾರ್ಚ್‌ನಲ್ಲಿ ರಾಜನ ಸೈನ್ಯ ಬರ್ಟನ್ ಬಳಿ ಟ್ರೆಂಟ್ ನದಿ ದಾಟಿದ್ದೇ ತಡ, ಥಾಮಸ್ ಟಟ್‌ಬರಿ ಬಿಟ್ಟು ಉತ್ತರಕ್ಕೆ ಓಡಿದ. 16ರಂದು ಬರೋಬ್ರಿಜ್‌ನಲ್ಲಿ ಸೋತ. 22ರಂದು ಪಾಂಟಿಫ್ರ್ಯಾಕ್ಟ್‌ನ ತನ್ನದೇ ಕೋಟೆಯಲ್ಲಿ ವಿಚಾರಣೆ ಎಂಬ ಶಾಸ್ತ್ರ ನಡೆದು, ಬಾಯಿ ಬಿಡಲೂ ಅವಕಾಶ ಕೊಡದೆ ತಲೆ ತೆಗೆದರು. ಆಸ್ತಿಯೆಲ್ಲ ರಾಜನಿಗೆ. ಗಂಡನಿಂದ ದೂರವೇ ಇದ್ದ ಹೆಂಡತಿ ಆಲಿಸ್ ಡಿ ಲೇಸಿಯನ್ನು ಯಾರ್ಕ್‌ನಲ್ಲಿ ಸೆರೆಯಿಟ್ಟು, ಅವಳ ಅಪ್ಪನಿಂದ ಬಂದ ಜಮೀನನ್ನೂ ಹೆದರಿಸಿ ಬರೆಸಿಕೊಂಡರು.

ಐದೇ ವರ್ಷ. 1327ರಲ್ಲಿ ರಾಜ ಬದಲಾದ. ಥಾಮಸ್‌ನ ತಮ್ಮ ಹೆನ್ರಿ ಸಂಸತ್ತಿಗೆ ಅರ್ಜಿ ಕೊಟ್ಟ: ಯುದ್ಧ ನಡೆಯುತ್ತಿಲ್ಲದ, ಕೋರ್ಟುಗಳು ತೆರೆದಿದ್ದ ಕಾಲದಲ್ಲಿ, ಆರೋಪಿಗೆ ಉತ್ತರ ಹೇಳಲು ಬಿಡದೆ, ಸಮಾನರ ಮುಂದೆ ವಿಚಾರಣೆಯಿಲ್ಲದೆ ಕೊಟ್ಟ ತೀರ್ಪು ಮ್ಯಾಗ್ನ ಕಾರ್ಟಾಕ್ಕೆ ವಿರುದ್ಧ. ಸಂಸತ್ತು ಒಪ್ಪಿತು. ತೀರ್ಪು ರದ್ದಾಯಿತು, ವಾರಸುದಾರನಿಗೆ ಹಕ್ಕು ಮರಳಿತು. ಆ ವಾದ ನೂರಕ್ಕೆ ನೂರು ಸರಿ. ಆದರೆ ಹೆನ್ರಿಗೆ ಮರಳಿ ದಕ್ಕಿದ್ದರಲ್ಲಿ ಟಟ್‌ಬರಿಯೂ ಸೇರಿದೆ. ಬಲವಂತದ ಪತ್ರದಿಂದ ಬಂದ ಆಸ್ತಿಗೆ 'ನ್ಯಾಯವಾದ ವಾರಸು' ಎಂಬ ಠಸ್ಸೆ ಬಿದ್ದದ್ದು ಹೀಗೆ. ಫೆರರ್ಸ್ ಮನೆಯವರ ಅರ್ಜಿಗೆ ಅಂಥ ಸಂಸತ್ತು ಸಿಗಲಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತು. 1399ರಲ್ಲಿ ಎರಡನೆಯ ರಿಚರ್ಡ್ ಲ್ಯಾಂಕಾಸ್ಟರ್ ಆಸ್ತಿಯನ್ನು ಕಿತ್ತುಕೊಂಡ. ಗಡಿಪಾರಾಗಿದ್ದ ವಾರಸುದಾರ ಬೋಲಿಂಗ್‌ಬ್ರೋಕ್ ಅಪ್ಪನ ಜಮೀನು ಕೇಳುವ ನೆಪದಲ್ಲಿ ಬಂದು ಸಿಂಹಾಸನವನ್ನೇ ಹಿಡಿದ. ಅವನು ಮಾಡಿದ ಮೊದಲ ಕೆಲಸಗಳಲ್ಲೊಂದು, ಡಚಿಯ ಆಸ್ತಿಯನ್ನು ಕಿರೀಟದ ಆಸ್ತಿಯೊಂದಿಗೆ ಬೆರೆಸಕೂಡದೆಂದು ಸನದು ಹೊರಡಿಸಿದ್ದು. ನಾಳೆ ಕಿರೀಟ ಹೋದರೂ ಮನೆಯ ಜಮೀನು ಉಳಿಯಲಿ ಎಂಬ ಎಚ್ಚರ. ಆ ಏರ್ಪಾಟಿನಿಂದಲೇ ಇಂದಿಗೂ ತಮ್ಮ ಹುದ್ದೆ ಇದೆ.

1831ರಲ್ಲಿ ಟಟ್‌ಬರಿಯ ಹತ್ತಿ ಗಿರಣಿಗಾಗಿ ಡವ್ ನದಿಯ ಕಾಲುವೆ ಆಳಮಾಡುತ್ತಿದ್ದ ಕೂಲಿಗಳಿಗೆ ಬೆಳ್ಳಿ ನಾಣ್ಯಗಳು ಸಿಕ್ಕವು. ಒಂದೆರಡಲ್ಲ, ಲಕ್ಷಗಟ್ಟಲೆ, ಬ್ರಿಟನ್ನಿನಲ್ಲಿ ಸಿಕ್ಕ ಅತಿದೊಡ್ಡ ನಾಣ್ಯನಿಧಿ. ಥಾಮಸ್ ಓಡಿಹೋಗುವಾಗ ನದಿಪಾಲಾದ ಖಜಾನೆ ಎಂದು ತಜ್ಞರ ಊಹೆ. ಊರಿನವರು ಬಕೆಟ್ಟು ಸಲಿಕೆ ಹಿಡಿದು ನೀರಿಗಿಳಿದರೆ, ಡಚಿ ಬಂದು ಇದು ನಮ್ಮದೆಂದು ತಡೆಯಿತು. ಐನೂರು ವರ್ಷದ ಹಿಂದೆ ನೀರಿಗೆ ಬಿದ್ದ ಕಾಸಿನ ಮೇಲೂ ಡಚಿಗೆ ತನ್ನ ಹಕ್ಕು ಇಷ್ಟು ಸ್ಪಷ್ಟವಾಗಿ ನೆನಪಿದೆ. ಲ್ಯಾಂಕಾಶೈರ್ ಭಾಗದಲ್ಲಿ ಉಯಿಲೂ ವಾರಸುದಾರರೂ ಇಲ್ಲದೆ ಸತ್ತವರ ಆಸ್ತಿ ಈಗಲೂ ಡಚಿಗೇ ಬರುತ್ತದೆ. ಇಷ್ಟು ಒಳ್ಳೆಯ ಜ್ಞಾಪಕಶಕ್ತಿ ಇರುವ ಸಂಸ್ಥೆ ಸಿಪ್ಪನ್‌ಹ್ಯಾಮ್ ಅನ್ನೂ ನೆನಪಿನಲ್ಲಿ ಇಟ್ಟುಕೊಳ್ಳಬಹುದು ಎಂಬುದು ನನ್ನ ಅನಿಸಿಕೆ.

ಎಲ್ಲೋ ಕೂತ ಕನ್ನಡದ ವಕೀಲನಿಗೆ ಇದರ ಉಸಾಬರಿ ಯಾಕೆ ಎನ್ನುವವರಿಗೆ ಒಂದು ಉತ್ತರ ಇದೆ. ದ್ರೋಹಿಯ ತಲೆಯ ಜೊತೆಗೆ ಮನೆಯ ಆಸ್ತಿಯೂ ಹೋಗಬೇಕೆಂಬ ತಮ್ಮ ದೇಶದ ಕಾನೂನು ಹಡಗು ಹತ್ತಿ ನಮ್ಮಲ್ಲಿಗೂ ಬಂತು. 1858ರ ಜೂನ್ 12ರಂದು ನರಗುಂದದ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿ ಸಂಸ್ಥಾನವನ್ನು ವಶಮಾಡಿಕೊಂಡರು. ಮನೆಯ ಹೆಂಗಸರು ಮಲಪ್ರಭೆಯ ಪಾಲಾದರೆಂದು ಆ ಸೀಮೆಯಲ್ಲಿ ಇಂದಿಗೂ ಹೇಳುತ್ತಾರೆ. ಎರಡು ವರ್ಷದ ಮೇಲೆ ಬಂದ ದಂಡ ಸಂಹಿತೆಯ 121ನೆಯ ಕಲಮು, ಸರ್ಕಾರದ ಮೇಲೆ ಯುದ್ಧ ಹೂಡಿದವನ ಎಲ್ಲ ಆಸ್ತಿಯೂ ಮುಟ್ಟುಗೋಲು ಎಂದಿತು. ಇಂಗ್ಲೆಂಡ್ ತನ್ನ ಜನರಿಗೆ ಈ ಶಿಕ್ಷೆಯನ್ನು 1870ರಲ್ಲೇ ತೆಗೆದುಹಾಕಿತು. ನಮ್ಮ ಕಲಮಿನಿಂದ ಅದು ಹೋಗಲು 1921 ಬರಬೇಕಾಯಿತು. ಆ ಐವತ್ತು ವರ್ಷದ ಲೆಕ್ಕವನ್ನು ತಮ್ಮಲ್ಲಿ ಕೇಳುತ್ತಿಲ್ಲ, ಅದು ತಮ್ಮ ಡಚಿಯ ಕಡತವಲ್ಲ.

ಜಮೀನು ವಾಪಸ್ ಕೊಡಿ ಎಂದೂ ಕೇಳುತ್ತಿಲ್ಲ. ಕಾಲಮಿತಿ ಯಾವತ್ತೋ ಮುಗಿದಿದೆ, ವಾದಿಯ ಸ್ಥಾನದಲ್ಲಿ ನಿಲ್ಲಲು ನನಗೆ ಹಕ್ಕೂ ಇಲ್ಲ. ಕೋರಿಕೆ ಎರಡೇ. ಟಟ್‌ಬರಿ ಕೋಟೆಗೆ ಬರುವವರಿಗೆ, ಡಚಿಯ ಚರಿತ್ರೆ ಓದುವವರಿಗೆ, ಈ ಜಮೀನು ಬಂದ ಬಗೆಯನ್ನು ಹೇಳುವಾಗ 'ದ್ರೋಹಿಯಿಂದ ಮುಟ್ಟುಗೋಲು' ಎಂಬಲ್ಲಿಗೆ ನಿಲ್ಲಿಸದೆ ಕೆನಿಲ್‌ವರ್ತ್‌ನ ಏಳು ವರ್ಷವನ್ನೂ ಸಿಪ್ಪನ್‌ಹ್ಯಾಮ್‌ನ ಹತ್ತು ವಾರವನ್ನೂ ಸೇರಿಸಿ ಹೇಳಿ. ವೂಸ್ಟರಿನ ಯೆಹೂದಿಗಳನ್ನೂ ಬಿಡಬೇಡಿ. ಫೆರರ್ಸ್‌ನನ್ನು ಹುತಾತ್ಮನನ್ನಾಗಿ ಮಾಡುವ ಉದ್ದೇಶ ನನಗಿಲ್ಲ. ಎರಡನೆಯದು: ಡಚಿಯ ಹಳೆಯ ದಾಖಲೆಗಳನ್ನು ವಿಕ್ಟೋರಿಯಾ ರಾಣಿ 1868ರಲ್ಲೇ ಸಾರ್ವಜನಿಕರಿಗೆ ಒಪ್ಪಿಸಿದ್ದಾರೆ, ಅವು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅವುಗಳಲ್ಲಿ ಫೆರರ್ಸ್ ಆಸ್ತಿಗೆ ಸೇರಿದ ಪತ್ರಗಳ ಪೂರ್ತಿ ಒಕ್ಕಣೆಯನ್ನು, ಲ್ಯಾಟಿನ್ ಬಾರದವರೂ ಓದುವಂತೆ, ಸರಳ ಇಂಗ್ಲಿಷಿನಲ್ಲಿ ಡಚಿಯ ಖರ್ಚಿನಲ್ಲೇ ಒಂದೆಡೆ ಕೂಡಿಸಿ ಪ್ರಕಟಿಸಿ.

ಉತ್ತರ ಬರೆಯುವುದಾದರೆ, ಆ ಕಾಲದ ಕಾನೂನೇ ಹಾಗಿತ್ತು ಎಂದು ಮಾತ್ರ ಬರೆಯಬೇಡಿ. ಆ ಕಾಲದ ಕಾನೂನು 1266ರ ಅಕ್ಟೋಬರ್ 31ರದು. ಅದರಲ್ಲಿ ಫೆರರ್ಸ್‌ನ ಹೆಸರಿದೆ, ಅವನು ಕಟ್ಟಬೇಕಾದ ಮೊತ್ತದ ಲೆಕ್ಕವೂ ಇದೆ.

ಇಂತಿ ವಂದನೆಗಳೊಂದಿಗೆ,
ತಾಲ್ಲೂಕು ಕೋರ್ಟಿನ ಒಬ್ಬ ಸಿವಿಲ್ ವಕೀಲ